ಪತ್ರದ ಕೊನೆಯ ಎರಡು ಸಾಲುಗಳು: ವೈದ್ಯರ ಬಳಿಗೆ ಯಾವಾಗ ಹೋಗಬೇಕು?

ಪ್ರಶ್ನೆ: ನನಗೆ 43 ವರ್ಷ. ಅರಸೀಕೆರೆ ತಾಲ್ಲೂಕಿನ ಹಳ್ಳಿಯಲ್ಲಿದ್ದೇವೆ. ಮನೆಗೆಲಸದ ಜೊತೆಗೆ ಹೊಲಿಗೆ ಮಾಡುತ್ತೇನೆ. ಐದಾರು ತಿಂಗಳಿಂದ ಬಹಳ ಸುಸ್ತು. ಬಿಂದಿಗೆ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಎದೆ ಡವಡವ ಎನ್ನುತ್ತದೆ. ಜ್ವರವಿಲ್ಲ, ನೋವಿಲ್ಲ. ಮುಟ್ಟು ಏಳೆಂಟು ದಿನ ಇರುತ್ತದೆ, ಅದು ಕೆಲವು ವರ್ಷಗಳಿಂದ ಹಾಗೆಯೇ. ಅತ್ತೆಯವರು ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಎನ್ನುತ್ತಾರೆ. ತಡೆದುಕೊಳ್ಳಲಾಗದಷ್ಟೇನೂ ಇಲ್ಲ. ಆಸ್ಪತ್ರೆಗೆ ಹೋದರೆ ಇಲ್ಲದ ಕಾಯಿಲೆ ಹುಡುಕಿ ಖರ್ಚು ಮಾಡಿಸುತ್ತಾರೆ ಎಂಬ ಭಯವೂ ಇದೆ. ಇಂಥದ್ದಕ್ಕೆಲ್ಲ ವೈದ್ಯರ ಬಳಿ ಹೋಗಬೇಕೇ? ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬಹುದು ಎಂದು ತಿಳಿಯುವುದು ಹೇಗೆ? ನನ್ನ ಯಜಮಾನರಿಗೂ (51 ವರ್ಷ) ಎರಡು ತಿಂಗಳಿಂದ ಗ್ಯಾಸ್ಟ್ರಿಕ್. ತೋಟದಿಂದ ಏರು ಹತ್ತಿ ಬರುವಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಹೋಗುತ್ತದೆ. ಅವರು ಮಾತ್ರೆ ನುಂಗಿಕೊಂಡು ಸುಮ್ಮನಿದ್ದಾರೆ, ನಾನೂ ಹಾಗೆಯೇ ಇರಬಹುದಲ್ಲವೇ? ಇನ್ನೊಂದು ಮಾತು: ಇತ್ತೀಚೆಗೆ ಅಕ್ಕಿ ಆರಿಸುವಾಗ ಹಸಿ ಅಕ್ಕಿಯನ್ನೇ ಬಾಯಿಗೆ ಹಾಕಿಕೊಳ್ಳುವ ಚಟ ಹತ್ತಿದೆ.

ಉತ್ತರ: ನೀವು ವೈದ್ಯರನ್ನು ಕಾಣಲೇಬೇಕು, ಈ ವಾರದೊಳಗೆ. ಆದರೆ ನಿಮಗಿಂತ ತುರ್ತಾಗಿ ಹೋಗಬೇಕಾದವರು ನಿಮ್ಮ ಯಜಮಾನರು. ನೀವು ಅವರ ವಿಷಯ ಕೇಳಲಿಲ್ಲ. ನಿಮ್ಮ ಮಾತಿಗೆ ಉದಾಹರಣೆಯಾಗಿ ಹೇಳಿ ಮುಂದೆ ಹೋದಿರಿ. ನನಗೆ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ಆ ಸಾಲೇ. ಇದನ್ನು ಓದಿದ ಮರುದಿನ ಬೆಳಿಗ್ಗೆಯೇ ಅವರನ್ನು ಹೊರಡಿಸಿ.

ನಮ್ಮ ಕಡೆ ‘ಗ್ಯಾಸ್ಟ್ರಿಕ್’ ಎಂಬುದು ಹೊಕ್ಕುಳಿನಿಂದ ಗಂಟಲಿನವರೆಗಿನ ಎಲ್ಲ ತೊಂದರೆಗೂ ಹೆಸರಾಗಿಬಿಟ್ಟಿದೆ. ಹುಳಿ ತೇಗು ಬಂದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಎದೆ ಹಿಡಿದರೂ ಗ್ಯಾಸ್ಟ್ರಿಕ್. ಹೆಸರಿಟ್ಟ ಮೇಲೆ ಅದಕ್ಕೊಂದು ಮಾತ್ರೆಯೂ ಅಂಗಡಿಯಲ್ಲಿ ಸಿಗುತ್ತದೆ, ಮನಸ್ಸಿಗೆ ಸಮಾಧಾನವೂ ಸಿಗುತ್ತದೆ. ಆ ಸಮಾಧಾನದಲ್ಲಿ ಅಮೂಲ್ಯವಾದ ಗಂಟೆಗಳು, ವಾರಗಳು ಕಳೆದುಹೋದದ್ದನ್ನು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಒಂದು ಸಂಗತಿ ಗಮನಿಸಿ. ಹೊಟ್ಟೆಯ ಆಮ್ಲ ಊಟ ನೋಡಿ ಕಾಡುತ್ತದೆ, ಖಾರ ನೋಡಿ ಕಾಡುತ್ತದೆ, ಮಲಗಿದಾಗ, ಬಗ್ಗಿದಾಗ ಗಂಟಲಿಗೆ ಬರುತ್ತದೆ. ದಾರಿ ಏರಾಗಿದೆಯೋ ಇಳಿಜಾರಾಗಿದೆಯೋ ಎಂಬುದು ಅದಕ್ಕೆ ಅಷ್ಟಾಗಿ ಸಂಬಂಧಿಸಿದ್ದಲ್ಲ. ನಡೆದಾಗ ಬಂದು ನಿಂತಾಗ ಹೋಗುವ ಎದೆಯ ಹಿಡಿತವಾದರೋ ಹೃದಯವನ್ನು ನೆನಪಿಸಬೇಕು. ಏರು ಹತ್ತುವಾಗ ಹೃದಯಕ್ಕೆ ಹೆಚ್ಚು ರಕ್ತ ಬೇಕು. ಅದಕ್ಕೆ ರಕ್ತ ಒಯ್ಯುವ ನಾಳ ಒಳಗೆ ಕಿರಿದಾಗಿದ್ದರೆ ಬೇಡಿದಷ್ಟು ಒದಗುವುದಿಲ್ಲ, ಎದೆ ಹಿಡಿಯುತ್ತದೆ. ನಿಂತಾಗ ಬೇಡಿಕೆ ಇಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಬಹಳ ಮಂದಿ ಇದನ್ನು ‘ನೋವು’ ಎನ್ನುವುದೂ ಇಲ್ಲ. ಬಿಗಿತ, ಭಾರ, ಉರಿ, ಉಸಿರು ಸಾಲದಂತಾಗುವುದು, ದವಡೆಗೋ ಎಡ ತೋಳಿಗೋ ಎಳೆದಂತಾಗುವುದು, ಹೀಗೆ ಹೇಳುತ್ತಾರೆ. ಎಲ್ಲಿ ಎಂದು ಕೇಳಿದರೆ ಒಂದು ಬೆರಳು ಇಟ್ಟು ತೋರಿಸದೆ ಇಡೀ ಅಂಗೈಯನ್ನು, ಇಲ್ಲವೇ ಮುಷ್ಟಿಯನ್ನು ಎದೆಯ ನಡುವೆ ಇಡುತ್ತಾರೆ.

ಪತ್ರ ಓದಿ ಇದು ಹೃದಯದ್ದೇ ಎಂದು ತೀರ್ಪು ಕೊಡಲು ಯಾರಿಗೂ ಆಗುವುದಿಲ್ಲ. ಆದರೆ ಎರಡು ತಿಂಗಳಿಂದೀಚೆಗೆ ಹೊಸದಾಗಿ ಶುರುವಾಗಿದೆ ಎಂಬುದೇ ತಡಮಾಡಬಾರದು ಎನ್ನಲು ಸಾಕು. ಅವರು ಬೀಡಿ, ಸಿಗರೇಟು ಸೇದುವವರಾದರೆ, ಶುಗರ್ ಅಥವಾ ಬಿಪಿ ಇದ್ದರೆ ಇನ್ನೂ ಹೆಚ್ಚು. ವೈದ್ಯರಿಗೆ ‘ಗ್ಯಾಸ್ಟ್ರಿಕ್ ಆಗಿದೆ’ ಎನ್ನಬೇಡಿ. ‘ಏರು ಹತ್ತಿದರೆ ಬರುತ್ತದೆ, ನಿಂತರೆ ಹೋಗುತ್ತದೆ’ ಎಂಬ ಇದೇ ಮಾತನ್ನು ಹೇಳಿ. ಇನ್ನೊಂದು ಎಚ್ಚರ: ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಇಂಥವರಲ್ಲಿ ಪೂರ್ತಿ ಸರಿಯಾಗಿಯೇ ಬರಬಹುದು. ತೊಂದರೆ ಕಾಣಿಸಿಕೊಳ್ಳುವುದು ಹೃದಯಕ್ಕೆ ಶ್ರಮವಾದಾಗ. ಆದ್ದರಿಂದ ಇಸಿಜಿ ಚೆನ್ನಾಗಿದೆ ಎಂದು ಮನೆಗೆ ಕಳುಹಿಸಿದರೆ, ಎಕೋ (ಹೃದಯದ ಸ್ಕ್ಯಾನಿಂಗ್), ಟ್ರೆಡ್‌ಮಿಲ್‌ನಂತಹ (ಓಡುವ ಪಟ್ಟಿಯ ಮೇಲೆ ನಡೆಸಿ ತೆಗೆಯುವ ಇಸಿಜಿ) ಮುಂದಿನ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ. ಅಲ್ಲಿಯವರೆಗೆ ಅವರು ಭಾರ ಹೊರುವುದು, ಏರು ಹತ್ತುವುದು ಬೇಡ. ‘ಬರುತ್ತದೋ ನೋಡೋಣ’ ಎಂದು ಹತ್ತಿ ಪರೀಕ್ಷಿಸುವುದಂತೂ ಬೇಡವೇ ಬೇಡ. ಒಂದು ವೇಳೆ ಕೂತಲ್ಲೇ ಬಂದರೆ, ಹತ್ತು ನಿಮಿಷ ಕಳೆದರೂ ಹೋಗದಿದ್ದರೆ, ಬೆವರು, ವಾಂತಿ, ತಲೆಸುತ್ತು ಜೊತೆಯಾದರೆ, ಸೋಡಾ, ಜೀರಿಗೆ ಕಷಾಯ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಅವರೇ ಬೈಕ್ ಓಡಿಸಿಕೊಂಡು ಹೋಗಬಾರದು. ಹೃದಯಾಘಾತದಲ್ಲಿ ನಾಳದೊಳಗಿನ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ಕೊಟ್ಟಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ, ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಹೃದ್ರೋಗ ತಜ್ಞರಿಗೆ ಕಳುಹಿಸಿ, ಬೇಕಾದರೆ ಆ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ಬೆಂಗಳೂರಿನವರೆಗೆ ಓಡಬೇಕೆಂದು ಮನೆಯಲ್ಲೇ ಹಿಂದೆಮುಂದೆ ನೋಡುವ ಕಾರಣವಿಲ್ಲ.

ಇನ್ನು ನಿಮ್ಮ ವಿಷಯ. ನಾಚಿಕೆಯಿಂದ ಕೊನೆಗೆ ಸೇರಿಸಿದ ಹಸಿ ಅಕ್ಕಿಯ ಮಾತು ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದ ಸುಳಿವು. ಮೈಯಲ್ಲಿ ಕಬ್ಬಿಣದ ಅಂಶ ಬರಿದಾದಾಗ ಹೀಗೆ ತಿನ್ನಬಾರದ್ದನ್ನು ತಿನ್ನಬೇಕೆನಿಸುವುದುಂಟು. ಒಬ್ಬರಿಗೆ ಹಸಿ ಅಕ್ಕಿ, ಒಬ್ಬರಿಗೆ ಬಳಪ, ಒಬ್ಬರಿಗೆ ಗೋಡೆಯ ಮಣ್ಣು, ಫ್ರಿಜ್ ಇರುವ ಮನೆಗಳಲ್ಲಿ ಐಸ್. ಇದು ಚಟವಲ್ಲ, ನಿಮ್ಮ ಮನಸ್ಸಿನ ದೌರ್ಬಲ್ಯವೂ ಅಲ್ಲ. ಕಬ್ಬಿಣ ತುಂಬಿಸಿದರೆ ಹೆಚ್ಚಿನವರಲ್ಲಿ ಆ ಆಸೆ ತಾನಾಗಿಯೇ ಹೊರಟುಹೋಗುತ್ತದೆ.

ಇದರ ಪಕ್ಕದಲ್ಲಿ ಏಳೆಂಟು ದಿನದ ಮುಟ್ಟನ್ನು ಇಟ್ಟು ನೋಡಿ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ ಮೂವತ್ತು ನಲವತ್ತು ಮಿಲಿಲೀಟರ್. 80 ಮಿಲಿಲೀಟರ್ ದಾಟಿದರೆ ಅತಿಸ್ರಾವ ಎನ್ನುತ್ತೇವೆ. ಯಾರೂ ಅಳೆದು ನೋಡುವುದಿಲ್ಲ, ನಿಜ; ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು, ರಾತ್ರಿ ಎದ್ದು ಬದಲಿಸುವುದು, ದೊಡ್ಡ ಗರಣೆಗಳು ಹೋಗುವುದು, ಆ ದಿನಗಳಲ್ಲಿ ಮದುವೆ ಮುಂಜಿಗೆ ಹೋಗಲು ಹಿಂಜರಿಯುವುದು, ಇವೇ ಅಳತೆ. ಒಂದು ಮಿಲಿಲೀಟರ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೊರಗೆ ಹೋಗುತ್ತದೆ. ಊಟದಿಂದ ಮೈಗೆ ಸೇರುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ, ಅದರಲ್ಲಿ ಸುಮಾರು ಒಂದು ಮಿಲಿಗ್ರಾಂ ದಿನನಿತ್ಯದ ಸವಕಳಿಗೇ ಬೇಕು. ತಿಂಗಳು ತಿಂಗಳೂ ಬರುವುದಕ್ಕಿಂತ ಹೋಗುವುದು ಹೆಚ್ಚಾದರೆ ಮೊದಲು ದಾಸ್ತಾನು ಖಾಲಿಯಾಗುತ್ತದೆ, ಆಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ. ‘ಕೆಲವು ವರ್ಷಗಳಿಂದ ಹಾಗೆಯೇ’ ಇರುವ ಮುಟ್ಟಿನಿಂದ ‘ಐದಾರು ತಿಂಗಳಿನ’ ಸುಸ್ತು ಹುಟ್ಟುವುದು ಹೀಗೆ.

‘ತಡೆದುಕೊಳ್ಳಲಾಗದಷ್ಟೇನೂ ಇಲ್ಲ’ ಎಂದಿದ್ದೀರಿ. ಈ ಮಾತಿನ ಬಗ್ಗೆ ನಿಮ್ಮೊಡನೆ ಸ್ವಲ್ಪ ಜಗಳವನ್ನೇ ಮಾಡಬೇಕಾಗಿದೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ನೂರು ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಒಂದೇ ದಿನದಲ್ಲಿ ಅದು 12ರಿಂದ 7ಕ್ಕೆ ಬಿದ್ದರೆ ಮನುಷ್ಯ ನಿಲ್ಲಲಾರ. ಆದರೆ ವರ್ಷಗಟ್ಟಲೆ ಇಷ್ಟಿಷ್ಟೇ ಇಳಿದರೆ ಮೈ ಒಗ್ಗಿಕೊಳ್ಳುತ್ತದೆ. ಹೃದಯ ಹೆಚ್ಚು ಬಡಿದು ಕೊರತೆ ತುಂಬುತ್ತದೆ, ಅದೇ ನಿಮಗೆ ಕೇಳಿಸುತ್ತಿರುವ ಡವಡವ. ಆರು ಗ್ರಾಂ ಇಟ್ಟುಕೊಂಡು ಹಟ್ಟಿ ಗುಡಿಸಿ, ಮುದ್ದೆ ತಿರುವಿ, ಮಕ್ಕಳಿಗೆ ಬುತ್ತಿ ಕಟ್ಟಿ ಆಸ್ಪತ್ರೆಗೆ ನಡೆದುಕೊಂಡೇ ಬಂದ ಹೆಂಗಸರನ್ನು ಕಂಡಿದ್ದೇನೆ. ಅವರಿಗೂ ತಡೆದುಕೊಳ್ಳಲು ಆಗುತ್ತಿತ್ತು. ನಿಮ್ಮ ಸಹನೆಯ ಮಟ್ಟ ನಿಮ್ಮ ಕಾಯಿಲೆಯ ಮಟ್ಟವನ್ನು ಹೇಳುವುದಿಲ್ಲ. ಅತ್ತೆಯವರು ಇದ್ದದ್ದೇ ಎನ್ನುವುದರಲ್ಲೂ ಒಂದು ಸಂಕಟದ ಸತ್ಯವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಸುತ್ತಲಿನ ಅರ್ಧ ಜನಕ್ಕೆ ಇದ್ದರೆ ಅದು ಸಹಜವೆಂದೇ ಕಾಣುತ್ತದೆ. ಎಲ್ಲರಿಗೂ ಇದೆ ಎಂದ ಮಾತ್ರಕ್ಕೆ ಅದು ಆರೋಗ್ಯವಾಗುವುದಿಲ್ಲ.

ಹಾಗೆಂದು ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗಿ ಮುಗಿಸಬೇಡಿ. ಇಲ್ಲಿಯವರೆಗೆ ಹೇಳಿದ್ದು ನನ್ನ ಬಲವಾದ ಅನುಮಾನ ಮಾತ್ರ. ಏದುಸಿರು ಹೃದಯದಿಂದಲೂ ಶ್ವಾಸಕೋಶದಿಂದಲೂ ಬರಬಹುದು. ಸುಸ್ತಿನ ಹಿಂದೆ ಥೈರಾಯ್ಡ್ ಇರಬಹುದು, ಶುಗರ್ ಇರಬಹುದು. ರಕ್ತಹೀನತೆಯೇ ಎಂದು ಖಚಿತವಾದರೂ ಪ್ರಶ್ನೆ ಮುಗಿಯಲಿಲ್ಲ. ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು. ನಿಮ್ಮ ವಯಸ್ಸಿನಲ್ಲಿ ಗರ್ಭಕೋಶದ ಗಡ್ಡೆ, ಥೈರಾಯ್ಡ್ ಏರುಪೇರು, ಮೂಲವ್ಯಾಧಿ, ಬರಿಗಾಲಿನಲ್ಲಿ ತೇವದ ಮಣ್ಣು ತುಳಿಯುವವರಿಗೆ ಅಂಟುವ ಕೊಕ್ಕೆಹುಳು, ಇವೆಲ್ಲ ಪಟ್ಟಿಯಲ್ಲಿರುತ್ತವೆ. ಮುಟ್ಟು ನಿಂತ ಹೆಂಗಸಿಗೋ ಗಂಡಸಿಗೋ ಕಬ್ಬಿಣದ ಕೊರತೆ ಕಂಡರೆ ಹೊಟ್ಟೆ, ಕರುಳಿನಲ್ಲಿ ಗುಟ್ಟಾಗಿ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು.

ಮೊದಲ ಭೇಟಿಗೆ ದೊಡ್ಡ ಖರ್ಚಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಿಮೋಗ್ಲೋಬಿನ್, ಶುಗರ್, ಬಿಪಿ ನೋಡುತ್ತಾರೆ, ಕಬ್ಬಿಣದ ಮಾತ್ರೆಯೂ ಅಲ್ಲಿ ಸಿಗುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಸುಲಭ. ಆಮೇಲೆ ಪೂರ್ಣ ರಕ್ತ ಪರೀಕ್ಷೆ, ಸಾಧ್ಯವಾದರೆ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಥೈರಾಯ್ಡ್‌ಗಾಗಿ ಟಿಎಸ್‌ಎಚ್, ಹೊಟ್ಟೆಯ ಸ್ಕ್ಯಾನಿಂಗ್. ಕಬ್ಬಿಣದ ಮಾತ್ರೆ ಕೊಟ್ಟರೆ ಅದರ ಹಿಂದೆಮುಂದೆ ಒಂದೆರಡು ಗಂಟೆ ಕಾಫಿ, ಚಹಾ, ಹಾಲು ಬೇಡ, ಅವು ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಮಲ ಕಪ್ಪಾಗುತ್ತದೆ, ಹೆದರಬೇಡಿ. ಮೂರು ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಬೇಕು. ಏರದಿದ್ದರೆ ಮತ್ತೆ ಹೋಗಿ. ಏರಿದರೂ ದಾಸ್ತಾನು ತುಂಬಲು ಮುಂದೆ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು. ಲವಲವಿಕೆ ಬಂದ ಕೂಡಲೇ ನಿಲ್ಲಿಸಿ ಮರುವರ್ಷ ಅದೇ ಸುಸ್ತಿನೊಡನೆ ಬರುವವರು ಬಹಳ. ಸೊಪ್ಪು, ರಾಗಿ, ಕಾಳು ತಿನ್ನಿ, ಆದರೆ ಬರಿದಾದ ದಾಸ್ತಾನನ್ನು ಊಟ ಒಂದೇ ತುಂಬಿಸಲಾರದು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡಿತೆಂದು ಯಾರಾದರೂ ಅಂದೇ ಗರ್ಭಕೋಶ ತೆಗೆಸಿಬಿಡಿ ಎಂದರೆ ಒಪ್ಪಿಕೊಳ್ಳಬೇಡಿ. ಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನವಿದೆ. ಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕಾಗುವವರಿದ್ದಾರೆ. ನೀವು ಅವರಲ್ಲಿ ಒಬ್ಬರೇ ಎಂದು ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕೇಳಿ ನಿರ್ಧರಿಸಿ.

‘ಇಲ್ಲದ ಕಾಯಿಲೆ ಹುಡುಕುತ್ತಾರೆ’ ಎಂಬ ನಿಮ್ಮ ಭಯವನ್ನು ತಳ್ಳಿಹಾಕುವುದಿಲ್ಲ. ಅದಕ್ಕೆ ಲೆಕ್ಕದ ಆಧಾರವೇ ಇದೆ. ಪ್ರಯೋಗಾಲಯದ ವರದಿಯಲ್ಲಿ ‘ಸಾಮಾನ್ಯ’ ಎಂದು ಬರೆಯುವ ಮಿತಿಯನ್ನು ಹೆಚ್ಚಿನ ಪರೀಕ್ಷೆಗಳಲ್ಲಿ ಆರೋಗ್ಯವಂತರ ನೂರು ಜನರಲ್ಲಿ 95 ಮಂದಿ ಒಳಗೆ ಬರುವಂತೆ ಹಾಕಿರುತ್ತಾರೆ. ಅಂದರೆ ಯಾವ ಕಾಯಿಲೆಯೂ ಇಲ್ಲದ ಮನುಷ್ಯನಿಗೆ ಇಪ್ಪತ್ತು ಪರೀಕ್ಷೆ ಮಾಡಿಸಿದರೆ ಒಂದಾದರೂ ಮಿತಿ ದಾಟಿ ವರದಿಯಲ್ಲಿ ದಪ್ಪಕ್ಷರದಲ್ಲಿ ಬರುವ ಸಂಭವವೇ ಹೆಚ್ಚು. ಅರವತ್ತು ಪರೀಕ್ಷೆಗಳ ರಿಯಾಯಿತಿ ಪ್ಯಾಕೇಜು ಮಾಡಿಸಿಕೊಂಡು, ಆ ದಪ್ಪಕ್ಷರದ ಹಿಂದೆ ತಿಂಗಳುಗಟ್ಟಲೆ ಅಲೆದು ನಿದ್ದೆಗೆಟ್ಟವರು ನನ್ನ ಬಳಿ ಬರುತ್ತಾರೆ. ನಿಮ್ಮ ವಿಷಯ ಹಾಗಲ್ಲ. ನಿಮ್ಮಲ್ಲಿ ಲಕ್ಷಣವಿದೆ, ಅದಕ್ಕೊಂದು ಪ್ರಶ್ನೆಯಿದೆ, ಪ್ರಶ್ನೆಗೆ ತಕ್ಕ ನಾಲ್ಕೈದು ಪರೀಕ್ಷೆಗಳಿವೆ. ಮೊದಲು ವೈದ್ಯರು ಮಾತಾಡಿಸಿ, ಮುಟ್ಟಿ ನೋಡಬೇಕು, ಪರೀಕ್ಷೆ ಆಮೇಲೆ. ಹಾಗೆಯೇ ನೀವೂ ‘ಒಂದು ಗ್ಲೂಕೋಸ್ ಹಾಕಿಬಿಡಿ, ಶಕ್ತಿಯ ಇಂಜೆಕ್ಷನ್ ಕೊಡಿ’ ಎಂದು ಕೇಳಬೇಡಿ. ಎರಡು ದಿನ ಹುಷಾರೆನಿಸಿ ಕಾರಣ ಮುಚ್ಚಿಹೋಗುತ್ತದೆ.

ಈಗ ನಿಮ್ಮ ದೊಡ್ಡ ಪ್ರಶ್ನೆ: ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬಹುದು? ನೋವಿನಿಂದ ಅಳೆಯುವುದನ್ನು ಮೊದಲು ಬಿಡಬೇಕು. ಬಾಯಿಹುಣ್ಣು, ಹಲ್ಲು, ಮೀನಖಂಡದ ಸೆಳೆತ ಪ್ರಾಣ ಹಿಂಡುವಷ್ಟು ನೋಯುತ್ತವೆ, ಪ್ರಾಣಕ್ಕೆ ಅಪಾಯ ತರುವುದು ಅಪರೂಪ. ಸ್ತನದಲ್ಲಿ ಬರುವ ಕೆಟ್ಟ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ, ನೋವಿಲ್ಲವೆಂದೇ ಅದನ್ನು ಬಿಟ್ಟುಕೊಂಡಿರುತ್ತಾರೆ. ನೋವಿನ ಬದಲು ಬದಲಾವಣೆಯನ್ನು ನೋಡಿ. ಇದು ನನಗೆ ಮೊದಲಿನಿಂದ ಇದ್ದದ್ದೇ, ಹೊಸದೇ? ಎಷ್ಟು ದಿನವಾಯಿತು? ಹೋದ ತಿಂಗಳಿಗಿಂತ ಹೆಚ್ಚಿದೆಯೇ? ಯುಗಾದಿಯಲ್ಲಿ ಮಾಡುತ್ತಿದ್ದ ಯಾವ ಕೆಲಸವನ್ನು ಗೌರಿಹಬ್ಬದ ಹೊತ್ತಿಗೆ ಬಿಟ್ಟಿದ್ದೇನೆ? ಈ ಕೊನೆಯ ಪ್ರಶ್ನೆಯನ್ನೇ ನಾನು ರೋಗಿಗಳಿಗೆ ಹೆಚ್ಚಾಗಿ ಕೇಳುತ್ತೇನೆ. ‘ಸುಸ್ತು ಇದೆಯೇ’ ಎಂದರೆ ಎಲ್ಲರೂ ಇದೆ ಎನ್ನುತ್ತಾರೆ. ‘ಮೊದಲು ಬಾವಿಯಿಂದ ಎಷ್ಟು ಸಲ ನಿಂತು ಬರುತ್ತಿದ್ದಿರಿ’ ಎಂದರೆ ನಿಜವಾದ ಉತ್ತರ ಬರುತ್ತದೆ.

ಕಾಯುವುದು ತಪ್ಪಲ್ಲ. ನೆಗಡಿ ವಾರ ಹತ್ತು ದಿನದಲ್ಲಿ ಹೋಗುತ್ತದೆ, ಉಳುಕಿದ ಸೊಂಟ ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ಸರಿಯಾಗುತ್ತದೆ, ರೆಪ್ಪೆ ಅದುರುವುದು ನಿದ್ದೆ ಚೆನ್ನಾಗಿ ಆದರೆ ನಿಲ್ಲುತ್ತದೆ. ಆದರೆ ತಾರೀಖು ಹಾಕಿ ಕಾಯಿರಿ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಲಕ್ಷಣ ಶುರುವಾದ ದಿನಕ್ಕೊಂದು ಗುರುತು ಹಾಕಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಕ್ಷಯದ ಪರೀಕ್ಷೆಯೂ ಔಷಧಿಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಾಯಿಯ ಹುಣ್ಣು, ಗಂಟಲು ಕಟ್ಟಿದ್ದು ಮೂರು ವಾರದಲ್ಲಿ ಮಾಯದಿದ್ದರೆ ತೋರಿಸಿ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು, ಗುಟ್ಕಾ ತಿನ್ನುವವರು ಎರಡು ವಾರಕ್ಕೇ ತೋರಿಸಿ. ಪ್ರಯತ್ನಿಸದೆ ಆರು ತಿಂಗಳು ಒಂದು ವರ್ಷದಲ್ಲಿ ತೂಕದ ಇಪ್ಪತ್ತನೇ ಒಂದು ಭಾಗ ಇಳಿದರೆ, ಅಂದರೆ 60 ಕಿಲೋ ಇದ್ದವರು 57ಕ್ಕೆ ಬಂದರೆ, ಕಾರಣ ಹುಡುಕಬೇಕು; ರವಿಕೆ ಸಡಿಲವಾಗುವುದು ಹೊಲಿಗೆಯವರಾದ ನಿಮಗೇ ಮೊದಲು ಗೊತ್ತಾಗುತ್ತದೆ. ಜ್ವರಕ್ಕೆ ಮೂರು ದಿನ. ಮಲೆನಾಡಿನಲ್ಲಿ ಚಳಿಗಾಲ, ಬೇಸಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ, ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ನಿಂತವರಿಗೆ ಜ್ವರ ಬಂದರೆ ಅಷ್ಟೂ ಕಾಯಬಾರದು, ಮಂಗನ ಕಾಯಿಲೆ, ಇಲಿಜ್ವರಗಳ ಅನುಮಾನವಿರುತ್ತದೆ. ಡೆಂಗಿಯಲ್ಲಂತೂ ಜ್ವರ ಇಳಿದ ದಿನಗಳೇ ಅಪಾಯದ ದಿನಗಳು. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ವಾಂತಿ, ಮಂಪರು ಶುರುವಾದರೆ ಓಡಿ.

ತಾರೀಖು ಹಾಕಿ ಕಾಯಲೂ ಬಾರದವು ಕೆಲವಿವೆ. ಸ್ತನದಲ್ಲಿ ಕೈಗೆ ಸಿಕ್ಕಿದ ಯಾವುದೇ ಗಂಟು, ಮುಟ್ಟು ನಿಂತು ವರ್ಷವಾದ ಮೇಲೆ ಕಂಡ ಒಂದು ಕಲೆಯಷ್ಟು ರಕ್ತ, ಮೂತ್ರದಲ್ಲಿ ರಕ್ತ, ‘ಮೂಲವ್ಯಾಧಿಯೇ ಇರಬೇಕು’ ಎಂದು ನಾವೇ ತೀರ್ಮಾನಿಸಿಕೊಳ್ಳುವ ಮಲದ ರಕ್ತ, ಇವಕ್ಕೆ ಆ ವಾರವೇ ವೈದ್ಯರು ಬೇಕು. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ ಗಳಿಗೆಯೂ ನಿಲ್ಲಬಾರದು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿಗೆ ನಾಲ್ಕೂವರೆ ಗಂಟೆಯ ಗಡುವಿದೆ, ಎಣ್ಣೆ ತಿಕ್ಕಿಸಲು ಕರೆದುಕೊಂಡು ಹೋಗುವುದರಲ್ಲಿ ಅದು ಮುಗಿದುಹೋಗುತ್ತದೆ. ಬದುಕಿನಲ್ಲೇ ಒಮ್ಮೆಯೂ ಕಾಣದಂಥ ತಲೆನೋವು ಸಿಡಿಲಿನಂತೆ ಬಂದರೂ ಅಷ್ಟೇ.

ಪರೀಕ್ಷೆಗಳೆಲ್ಲ ಸರಿಯಾಗಿ ಬಂದು ಸುಸ್ತು ಹಾಗೆಯೇ ಉಳಿದರೆ? ಆಗಲೂ ನಿಮ್ಮ ಅನುಭವ ಸುಳ್ಳಲ್ಲ. ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಕಾರಣವಿಲ್ಲದೆ ಅಳು ಬರುವುದು ಜೊತೆಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮನಸ್ಸು ಬಳಲಿದಾಗ ಮೈಯೇ ಮೊದಲು ಮಾತಾಡುತ್ತದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಹಾಗಲ್ಲದಿದ್ದರೆ, ‘ಯಾವ ಲಕ್ಷಣ ಹೊಸದಾಗಿ ಕಂಡರೆ ಮತ್ತೆ ಬರಬೇಕು, ಎಷ್ಟು ದಿನಕ್ಕೆ ಬರಬೇಕು’ ಎಂದು ಕೇಳಿಕೊಂಡೇ ಎದ್ದು ಬನ್ನಿ.

ಹೋಗುವ ಮುನ್ನ ಒಂದು ಚೀಟಿ ಬರೆದುಕೊಳ್ಳಿ. ವೈದ್ಯರ ಎದುರು ಕೂತಾಗ ಕೈಗೆ ಸಿಗುವುದು ಕೆಲವೇ ನಿಮಿಷ, ಮುಖ್ಯವಾದದ್ದು ಬಾಗಿಲ ಬಳಿ ನೆನಪಾಗುತ್ತದೆ. ನಿಮ್ಮ ಪತ್ರದಲ್ಲಿ ಕೊನೆಗೆ ಬಂದದ್ದು ಚೀಟಿಯಲ್ಲಿ ಮೊದಲು ಬರಲಿ: ಹಸಿ ಅಕ್ಕಿ, ಮುಟ್ಟಿನ ದಿನಗಳು, ದಿನಕ್ಕೆ ಎಷ್ಟು ಪ್ಯಾಡ್, ಸುಸ್ತು ಶುರುವಾದ ತಿಂಗಳು. ಯಜಮಾನರದ್ದಕ್ಕೆ ಬೇರೆ ಚೀಟಿ, ಅದರಲ್ಲಿ ಏರಿನ ಮಾತು. ಇಬ್ಬರೂ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು, ನಾಟಿ ಔಷಧಿ ಇದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಳ್ಳಿ. ಅವರೊಬ್ಬರನ್ನೇ ಕಳುಹಿಸಿದರೆ ದಾರಿಯಲ್ಲಿ ಮಾತ್ರೆ ಕೊಂಡು ತಿರುಗಿ ಬರುತ್ತಾರೆ, ಆದ್ದರಿಂದ ನೀವೂ ಅದೇ ಬಸ್ಸಿಗೆ ಹತ್ತಿ. ತಾಲ್ಲೂಕು ಆಸ್ಪತ್ರೆಯಲ್ಲಿ ಅವರ ಇಸಿಜಿ ಆಗುವಷ್ಟರಲ್ಲಿ ನೀವು ರಕ್ತ ಕೊಟ್ಟು ಬಂದಿರಬಹುದು.